ತಾಯಿ ಕಾರ್ಡಿನ ಹತ್ತು ಪಾಯಿಂಟ್ ಎರಡು

ನಾನೊಂದು ಮೊಬೈಲ್ ಫೋನು. ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ ಸಾವಿರಾರು ತದ್ರೂಪಿಗಳ ಜೊತೆ ಹುಟ್ಟಿದೆ. ವೈದ್ಯರಿಗೆ ಅಂಕಿಅಂಶ ಕಲಿಸುವ ಆ್ಯಪ್ ಒಂದನ್ನು ನನ್ನ ಹೊಟ್ಟೆಗೆ ತುಂಬಿದರು. ನಾನೂ ಮೇಷ್ಟರಾದೆನೆಂದು ಬೀಗಿದೆ.

ಕಾಲುವೆ ಬದಿಯ ಒಂದು ಆರೋಗ್ಯ ಕೇಂದ್ರಕ್ಕೆ, ಡಾಕ್ಟರ್ ಮಹಾಂತೇಶರ ಹೆಸರಿಗೆ ಬಂದೆ. ಅವರು ನನ್ನನ್ನು ಒಮ್ಮೆ ತಿರುಗಿಸಿ ನೋಡಿ ನರ್ಸ್ ಗುರುಬಸಮ್ಮನ ಕೈಗಿಟ್ಟರು.

"ಸಿಸ್ಟರ್, ನನ್ನ ಹೆಸರಲೇ ಪಾಠ ನೀವ ಮುಗಿಸಿಬಿಡ್ರಿ. ಸರ್ಟಿಫಿಕೇಟ್ ಬಂದ್ರ ಸಾಕು."

ಅಲ್ಲಿ ತರಬೇತಿ ಎಂದರೆ ಹೀಗೇ. ಸಾಹೇಬರ ಹೆಸರು, ಸಿಸ್ಟರ್ ಬೆರಳು.

ಆದರೆ ಗುರುಬಸಮ್ಮ ಕಣ್ಣುಮುಚ್ಚಿ ಉತ್ತರ ಒತ್ತುವವಳಲ್ಲ. ಬಸ್ಸಿನಲ್ಲಿ ಲಸಿಕೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ತುಟಿ ಅಲುಗಿಸುತ್ತ ನನ್ನನ್ನು ಓದಿದಳು. ಸರಾಸರಿ ಕಲಿತಳು, ಶೇಕಡಾ ಕಲಿತಳು. ಒಂಬತ್ತನೇ ಪಾಠಕ್ಕೆ ನಿಂತುಬಿಟ್ಟಳು. 'ಇಪ್ಪತ್ತು ಜನರ ರಕ್ತ ಅಳೆದರೆ ಅಂಕಿಗಳು ಬೇರೆಬೇರೆ ಬರಬೇಕು. ಎಲ್ಲವೂ ಒಂದೇ ಬಂದರೆ ಅಳತೆಯನ್ನೇ ಅನುಮಾನಿಸಿ' ಎಂದಿದ್ದೆ ನಾನು. ಆ ಸಾಲನ್ನು ಮತ್ತೊಮ್ಮೆ ಮೊದಲಿನಿಂದ ಓದಿದಳು. ರಕ್ತದ ಹಿಮೋಗ್ಲೋಬಿನ್ ಅಳೆಯುವ ಸ್ಟ್ರಿಪ್ ಮುಗಿದು ಮೂರು ತಿಂಗಳಾಗಿತ್ತು. ಸಾಹೇಬರ ಮಾತಿನಂತೆ ಪ್ರತಿ ಬಸುರಿಯ ತಾಯಿ ಕಾರ್ಡಿನಲ್ಲೂ ಅವಳೇ ಹತ್ತು ಪಾಯಿಂಟ್ ಎರಡು ಎಂದು ಬರೆದಿದ್ದಳು. ಯಾರೂ ಗಾಬರಿಯಾಗದ, ಯಾರೂ ಪ್ರಶ್ನಿಸದ ಅಂಕಿ ಅದು.

ಮರುದಿನ ಸಾಹೇಬರ ಮುಂದೆ ನಿಂತಳು. "ಸರ್, ಸ್ಟ್ರಿಪ್ ತರಸ್ರಿ. ಬಸುರಿ ಹುಲಿಗೆಮ್ಮಗ ಎಂಟು ತಿಂಗಳು. ಕಣ್ಣು ಪೂರಾ ಬಿಳಚ್ಯಾವ."

"ಈಗ ತರಸಿದ್ರ, ಇಷ್ಟು ದಿನ ಇರಲಿಲ್ಲಂತ ನಾವ ಬರಕೊಟ್ಟಂಗ ಆಗ್ತದ. ಸುಮ್ನಿರ್ರಿ."

ಅವಳು ಸುಮ್ಮನಿರಲಿಲ್ಲ. ಹುಲಿಗೆಮ್ಮನ ಮನೆಗೇ ಹೋಗಿ, ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರೆಂದು ಬೇಡಿಕೊಂಡಳು. ಅತ್ತೆ ಒಳಗಿನಿಂದ ಕಾರ್ಡು ತಂದು ಮುಂದೆ ಹಿಡಿದಳು.

"ಹೆದರೂದು ಬ್ಯಾಡಂತ ನೀನ ಬರದು ಕೊಟ್ಟೀಯಲ್ಲವ್ವಾ. ಈಗ್ಯಾಕ ಹೆದರಸ್ತಿ?"

ಅದು ಸುಳ್ಳವ್ವಾ ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ನನ್ನಲ್ಲಿ ಹದಿನಾಲ್ಕು ಪಾಠಗಳಿದ್ದವು. ಆ ಮಾತು ಹೇಳುವುದನ್ನು ಕಲಿಸುವ ಪಾಠ ಇರಲಿಲ್ಲ.

ಹೆರಿಗೆಯಲ್ಲಿ ರಕ್ತ ಹರಿದು ಹುಲಿಗೆಮ್ಮ ತೀರಿಕೊಂಡಳು. ವಿಚಾರಣೆಗೆ ಬಂದವರು ಕಾರ್ಡು ನೋಡಿದರು. ಅಕ್ಷರ ಗುರುಬಸಮ್ಮನದು. ಅವಳು ಅಮಾನತಾದಳು. ಬರೆದವಳು ಅವಳೇ, ಇಲ್ಲವೆನ್ನಲಾರೆ. ಬರೆಸಿದ ಬಾಯಿಗೆ ಮಾತ್ರ ಕೈಬರಹವಿಲ್ಲ. ಅಷ್ಟರಲ್ಲಿ ಹದಿನಾಲ್ಕೂ ಪಾಠ ಮುಗಿಸಿದ್ದ ಅವಳು, ಹೋಗುವ ದಿನ ನನ್ನನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು. ಅದೇ ವಾರ ಸರ್ಟಿಫಿಕೇಟ್ ಬಂತು. ಡಾಕ್ಟರ್ ಮಹಾಂತೇಶ, ನೂರಕ್ಕೆ ತೊಂಬತ್ತೆಂಟು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಈಗ ನನ್ನ ಬ್ಯಾಟರಿ ಉಬ್ಬಿದೆ. ಕಬ್ಬಿಣದ ಬೀರುವಿನಲ್ಲಿ, ಬರೆಯದ ತಾಯಿ ಕಾರ್ಡುಗಳ ಕಟ್ಟಿನ ಮೇಲೆ ಬಿದ್ದಿದ್ದೇನೆ. ಇಷ್ಟು ಜನರ ನಡುವೆ ನನ್ನಿಂದ ಕಲಿತವಳು ಒಬ್ಬಳೇ, ಅವಳೂ ಇಲ್ಲ. ಹೊಸ ಸಿಸ್ಟರ್ ಬಾಗಿಲು ತೆರೆದು, ನನ್ನನ್ನು ಬದಿಗೆ ಸರಿಸಿ ಒಂದು ಕಾರ್ಡು ಎಳೆದುಕೊಳ್ಳುತ್ತಾಳೆ. ಆಮೇಲೆ ಒಳಗಿನ ಕೋಣೆಯ ಕಡೆ ತಿರುಗಿ ಕೇಳುತ್ತಾಳೆ:

"ಸರ್, ರಕ್ತ ಎಷ್ಟಂತ ಬರೀಲ್ರಿ?"