ಇಲ್ಲದ ಮೈಕು

ಮೂರನೆಯ ಸಲವೂ ಬಾಯಿಬಡುಕಿ ಅದೇ ಮಾತನ್ನು ಅದೇ ರಾಗದಲ್ಲಿ ಒಪ್ಪಿಸಿದಳು: "ಡ್ರೈವರ್ ಇನ್‌ಸ್ಟಾಲ್ ಆಗಲಿಲ್ಲ. ಸರಿ, ಬಟನ್."

ಸರಿಯಂತೆ! ಆಗದ ಕೆಲಸಕ್ಕೆ 'ಸರಿ' ಅನ್ನಿಸಿಕೊಳ್ಳುವ ಬಟನ್ ಬೇರೆ ಕೇಡು. ತಂಗಿ ಅದನ್ನು ಕುಟ್ಟಿ ಮುಚ್ಚಿದಳು.

ಬಾಯಿಬಡುಕಿ ಅಂದರೆ ಮನುಷ್ಯಳಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಇರುವುದನ್ನೆಲ್ಲ ಬಿಡದೆ ಓದಿ ಹೇಳುವ ಒಂದು ತಂತ್ರಾಂಶ. ಅದರ ಹೆಣ್ಣುದನಿಗೆ ತಂಗಿ ಇಟ್ಟ ಹೆಸರು ಅದು. ಹುಟ್ಟಿನಿಂದಲೇ ಕಣ್ಣು ಕಾಣದ ತಂಗಿ ಅಂಧರ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಆಗಿ ನಾಲ್ಕು ಜನರಿಗೆ ಪಾಠ ಹೇಳುತ್ತಿದ್ದದ್ದು ಆ ದನಿಯ ದೆಸೆಯಿಂದ. ದನಿ ಇದ್ದರೆ ಕಂಪ್ಯೂಟರು, ಇಲ್ಲದಿದ್ದರೆ ಅದು ಅವಳ ಪಾಲಿಗೆ ಬರೀ ಬಿಸಿಯಾಗುವ ಡಬ್ಬ.

"ಏನಾಯ್ತು?" ಮೇಜಿನ ಮೇಲಿಟ್ಟ ಫೋನಿನಿಂದ ಅತ್ತಿಗೆ ಪಿಸುಗುಟ್ಟಿದಳು. "ನಿಮ್ಮಣ್ಣ ಎದ್ದು ನಿಂತಿದ್ದಾರೆ."

"ಕೂರಿಸಿ ಅತ್ತಿಗೆ. ಇನ್ನೊಂದೈದು ನಿಮಿಷ."

"ಹೋದ ಸಲಾನೂ ಇದೇ ಐದು ನಿಮಿಷ ಅಂದೆ ನೀನು."

ಅತ್ತಿಗೆಯ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ಅದು ಚುಚ್ಚಿತು. ಬೇರೆ ಊರಿನಲ್ಲಿದ್ದ ಅಣ್ಣ ಗ್ಯಾರೇಜಿನ ಮೆಕ್ಯಾನಿಕ್. ಚಳಿಗಾಲದಲ್ಲಿ ಒಂದು ಬ್ಯಾಟರಿ ಅವನ ಮುಖದ ಮುಂದೆಯೇ ಸಿಡಿದು ಎರಡೂ ಕಣ್ಣು ಹೋದವು. ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿ ಕೈಚೆಲ್ಲಿದರು. ಅಂದಿನಿಂದ ಅವನು ಒಳಕೋಣೆ ಸೇರಿದವನು ಜಪ್ಪಯ್ಯ ಅಂದರೂ ಹೊರಗೆ ಬರಲಿಲ್ಲ. ಕಿಟಕಿಯ ಪರದೆ ಮುಚ್ಚಿಸಿಕೊಂಡಿದ್ದ. ಕಾಣದವನ ಕೋಣೆಗೆ ಪರದೆ ಯಾಕೆ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು?

ಅತ್ತಿಗೆ ಕಾಡಿ ಬೇಡಿ ಒಪ್ಪಿಸಿದ ಮೇಲೆ, ತಂಗಿ ಕಂಪ್ಯೂಟರ್ ಬಳಸುವುದು ಹೇಗೆಂದು ಕೇಳಿಸಿಕೊಳ್ಳಲು ಅವನು ಒಮ್ಮೆ ಕೂತಿದ್ದ. ಅಂದು ಅವಳು ಬಾಯಿಬಡುಕಿಯ ಮುಂದೆ ಫೋನ್ ಹಿಡಿದಳು. ಫೋನು ಆ ದನಿಯನ್ನು ಗದ್ದಲವೆಂದು ತಿಳಿದು ಅರ್ಧಕ್ಕರ್ಧ ನುಂಗಿಹಾಕಿತು. "ಬಾಟ್ಲಿಯೊಳಗೆ ನೊಣ ಸಿಕ್ಕೊಂಡ ಹಾಗಿದೆ. ಇದನ್ನ ಕೇಳಿ ನಾನು ಬದುಕ್ಬೇಕಾ?" ಎಂದು ಅಣ್ಣ ಎದ್ದು ಹೋದ. ಆಮೇಲೆ ಹೆಂಡತಿಗೆ ಒಂದೇ ಮಾತು ಹೇಳಿದ: ಇನ್ನೊಂದು ಸಲ ಕೂರುತ್ತೇನೆ, ಅವತ್ತೂ ಆಗದಿದ್ದರೆ ಮತ್ತೆ ಯಾರೂ ನನ್ನ ಬಾಗಿಲು ತಟ್ಟಕೂಡದು. ಅಣ್ಣನ ಹಠ ತಂಗಿಗೆ ಗೊತ್ತು. ತಟ್ಟಕೂಡದು ಅಂದರೆ ತಟ್ಟಕೂಡದು.

ಆ ಇನ್ನೊಂದು ಸಲ ಇವತ್ತು.

ಅದಕ್ಕೇ ಈ ವರ್ಚುವಲ್ ಮೈಕು. ಅದಕ್ಕೆ ಮೈಯಿಲ್ಲ, ವೈರಿಲ್ಲ. ಕಂಪ್ಯೂಟರಿನ ದನಿಯನ್ನು ಒಳಗಿಂದೊಳಗೇ ಹಿಡಿದು ವಿಡಿಯೊ ಮೀಟಿಂಗಿಗೆ ದಾಟಿಸುವ ಒಂದು ಕೊಳವೆ, ಅಷ್ಟೆ. ಮಾತಿಗೆ ಫೋನು, ಬಾಯಿಬಡುಕಿಗೆ ಮೀಟಿಂಗು ಎಂದು ತಂಗಿ ಲೆಕ್ಕ ಹಾಕಿದ್ದಳು; ಅತ್ತಿಗೆ ಅಣ್ಣನ ಮುಂದೆ ತಮ್ಮ ಕಂಪ್ಯೂಟರಿನಲ್ಲಿ ಮೀಟಿಂಗ್ ತೆರೆದಿಟ್ಟಿದ್ದಳು. ಇದನ್ನು ವಿವರಿಸಿದಾಗ ಅಣ್ಣ, "ಇಲ್ಲದ ಕಣ್ಣಿಗೆ ಇಲ್ಲದ ಮೈಕು, ಒಳ್ಳೆ ಜೋಡಿ" ಅಂದಿದ್ದ. ನಗೆ ಇರಲಿಲ್ಲ ಅದರಲ್ಲಿ.

ಅದನ್ನು ನಡೆಸುವ ಡ್ರೈವರ್ ಕೂರದೆ, ಈಗ ಆ ಇಲ್ಲದ ಮೈಕು ನಿಜಕ್ಕೂ ಇಲ್ಲವೇ ಆಗಿತ್ತು. ಫೈಲನ್ನು ಹೊಸದಾಗಿ ಇಳಿಸಿಕೊಂಡಿದ್ದಳು. ಕಂಪ್ಯೂಟರನ್ನು ಆರಿಸಿ ಹೊತ್ತಿಸಿ ಮೀಟಿಂಗನ್ನು ಮತ್ತೆ ತೆರೆದಿದ್ದಳು. ಹಳೆಯ ಆವೃತ್ತಿಯ ಚೂರುಪಾರು ಉಳಿದಿದೆಯೇನೋ ಎಂದು ಹುಡುಕಿದಳು, ಉಳಿದಿತ್ತು! ಹೋದ ವರ್ಷ ಶಾಲೆಯಲ್ಲಿ ಯಾರೋ ಹಾಕಿ ಅರ್ಧಕ್ಕೆ ಬಿಟ್ಟಿದ್ದರು. ಅದನ್ನು ಕಿತ್ತು ಹಾಕಿ ನಾಲ್ಕನೆಯ ಸಲ ಶುರುಮಾಡಿದಳು. ಬಾಯಿಬಡುಕಿ "ದಯವಿಟ್ಟು ಕಾಯಿರಿ" ಅಂದು ಸುಮ್ಮನಾದಳು. ಕಾದದ್ದೇ ಬಂತು. ಕಂಪ್ಯೂಟರ್ ಪರದೆಯ ಯಾವುದೋ ಕಿಟಕಿಯ ಹಿಂದೆ ಒಪ್ಪಿಗೆ ಕೇಳುವ ಪೆಟ್ಟಿಗೆ ಅಡಗಿರಬೇಕು ಅನ್ನಿಸಿ ಒಂದೊಂದೇ ಕಿಟಕಿ ದಾಟಿ ಹೋದಳು. ಸಿಕ್ಕಿತು: "ಈ ಡ್ರೈವರ್ ತಯಾರಿಸಿದವರನ್ನು ನೀವು ನಂಬುತ್ತೀರಾ?" ದೇವರು ವರ ಕೊಟ್ಟರೂ ಪೂಜಾರಿ ಕೊಡ. ನಂಬುತ್ತೇನೆ ಮಾರಾಯ, ನಿನ್ನ ಅಪ್ಪನನ್ನೂ ನಂಬುತ್ತೇನೆ ಎಂದು ಒತ್ತಿದಳು.

"ಇನ್‌ಸ್ಟಾಲ್ ಪೂ—" ಎಂದ ಬಾಯಿಬಡುಕಿ ಅಲ್ಲಿಗೇ ನಿಂತುಬಿಟ್ಟಳು.

ತಂಗಿ ಬಾಣದ ಕೀಲಿ ಒತ್ತಿದಳು. ಸದ್ದಿಲ್ಲ. ಟ್ಯಾಬ್ ಒತ್ತಿದಳು. ಸದ್ದಿಲ್ಲ. ವಾಲ್ಯೂಮ್ ಏರಿಸಿದಳು, ಹೆಡ್‌ಫೋನ್ ಕಿತ್ತು ಮತ್ತೆ ಚುಚ್ಚಿದಳು. ಉಸಿರೇ ಇಲ್ಲ. ಊರೆಲ್ಲ ಕತ್ತಲೆ ಅನ್ನುವುದು ಯಾವುದಕ್ಕೆ ಎಂದು ಅವಳಿಗೆ ಯಾವತ್ತೂ ತಿಳಿದಿರಲಿಲ್ಲ. ಅವಳ ಕತ್ತಲೆ ಇದು. ಬೆರಳ ಕೆಳಗೆ ನೂರು ಕೀಲಿಗಳಿದ್ದು ಯಾವುದು ಎಲ್ಲಿಗೆ ಒಯ್ಯುತ್ತದೆಂದು ಹೇಳುವವರಿಲ್ಲ. ಅವಳಿಗೆ ಮಕ್ಕಳಿಗೆ ಆಗುವ ಹಾಗೆ ಭಯವಾಯಿತು.

"ಅತ್ತಿಗೆ," ಎಂದು ಶುರುಮಾಡಿದಳು, ಸೋತೆ ಎಂದು ಹೇಳುವುದಕ್ಕೆ.

"ಯಾರೇ ಅದು?" ಫೋನಿನಲ್ಲಿ ಬಂದದ್ದು ಅಣ್ಣನ ದನಿ. "ಯಾರೋ ಹೆಂಗಸು ಇಲ್ಲಿ ಬಡಬಡ ಅಂತ ಏನೋ ಓದ್ತಿದ್ದಾಳೆ."

ತಂಗಿಯ ಕೈ ಹಾಗೇ ನಿಂತಿತು. ಇನ್ನೊಮ್ಮೆ ಬಾಣ ಒತ್ತಿದಳು. ಅವಳ ಕೋಣೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ನೋಡು, ಮತ್ತೆ ಬಡಬಡಿಸಿದ್ಲು!"

ಮೈಕು ಬಂದಿತ್ತು. ಬಂದದ್ದೇ ಯಜಮಾನಿಕೆ ತೆಗೆದುಕೊಂಡು ಬಾಯಿಬಡುಕಿಯನ್ನು ಇಡಿಯಾಗಿ ಕೊಳವೆಯೊಳಗೆ ಎಳೆದುಕೊಂಡಿತ್ತು. ಅವಳಾಡುವುದೆಲ್ಲ ಅಣ್ಣನ ಕೋಣೆಯಲ್ಲಿ ಬೀಳುತ್ತಿತ್ತು, ಇಲ್ಲಿ ಎಳ್ಳಷ್ಟೂ ಇಲ್ಲ.

"ಅಣ್ಣ, ಏನಂತಿದ್ದಾಳೆ ಅವಳು?"

"ನಂಗೇನ್ ಗೊತ್ತು? ಬೆನ್ನಿಗೆ ಬೆಂಕಿ ಬಿದ್ದವಳ ಹಾಗೆ ಓಡ್ತಾಳೆ. ಸಾಕು ಬಿಡು, ಇದು ನನ್ನ ಕೈಲಾಗೋದಲ್ಲ." ಕುರ್ಚಿ ನೆಲಕ್ಕೆ ಉಜ್ಜಿದ ಸದ್ದಾಯಿತು.

"ಒಂದೇ ನಿಮಿಷ! ಅವಳ ಓಟ ತಗ್ಗಿಸ್ತೀನಿ." ವೇಗ ಇಳಿಸುವ ಕೀಲಿಗಳು ಅವಳಿಗೆ ಬಾಯಿಪಾಠ. ಆದರೆ ಅದನ್ನು ಕೇಳದೆ ಇಳಿಸಬೇಕಿತ್ತು. "ಈಗ?"

"ಇನ್ನೂ."

"ಈಗ?"

"ಇನ್ನೂ ಸ್ವಲ್ಪ... ಹಾಂ. 'ದರ ನಲವತ್ತು' ಅಂತಾಳೆ. ಯಾವ್ದರ ದರ?"

"ಓದೋ ವೇಗದ್ದು ಅಣ್ಣ."

"ಹಾಗಂತ ಹೇಳೋಕೇನು ಅವಳಿಗೆ? ಬದನೆಕಾಯಿ ಮಾರೋಳ ಹಾಗೆ!"

ತಂಗಿ ಬಾಯಿಬಡುಕಿಯ ದನಿ ಎಲ್ಲಿಂದ ಹೊರಡಬೇಕೆಂದು ಆರಿಸುವ ಪಟ್ಟಿಯನ್ನು ತೆರೆದಳು. ಪಟ್ಟಿ ತೆರೆಯಿತೋ ಇಲ್ಲವೋ ಅವಳಿಗೆ ತಿಳಿಯದು. "ಏನಂದ್ಲು?"

"'ಧ್ವನಿ ಸಾಧನ ಆರಿಸಿ' ಅಂತೆ."

ಕೆಳಬಾಣ ಒತ್ತಿದಳು. "ಈಗ?"

"'ಸ್ಪೀಕರ್.'"

ಎಂಟರ್ ಒತ್ತಿದಳು. ಅವಳ ಕಿವಿಯಲ್ಲಿ ಬಾಯಿಬಡುಕಿ ಸ್ಪಷ್ಟವಾಗಿ, ಆನೆ ನಡೆದ ಹಾಗೆ ನಿಧಾನವಾಗಿ ಮಾತಾಡಿದಳು. ತಂಗಿಗೆ ಹೋದ ಜೀವ ಬಂದಂತಾಯಿತು. ಅವಳು ಕುರ್ಚಿಗೆ ಒರಗಿದಳು.

"ಏ, ಎಲ್ಲಿ ಹೋದ್ಲು?" ಅಣ್ಣನ ದನಿ ಒಮ್ಮೆಲೇ ಎತ್ತರಕ್ಕೇರಿತು. "ಮಾತೇ ಇಲ್ಲ! ಈಗ ತಾನೇ ಇದ್ಲಲ್ಲ! ಏ, ಕೇಳ್ತಿದೆಯಾ, ಅವಳು ಹೋದ್ಲು ಕಣೇ!"

ಅವನು ಏನನ್ನಾದರೂ 'ಬೇಕು' ಎಂದು ಕೂಗಿ ಎಷ್ಟು ಕಾಲವಾಗಿತ್ತು! ಊಟ ಬೇಡ, ಬೆಳಕು ಬೇಡ, ಗೆಳೆಯರು ಬೇಡ ಎಂದಿದ್ದವನು ಒಂದು ಯಂತ್ರದ ದನಿಗಾಗಿ ಕೂಗುತ್ತಿದ್ದ. ಬಾಯಿಬಡುಕಿಗೆ ಇರುವುದು ಒಂದೇ ಬಾಯಿ. ಇಲ್ಲಿ ಮಾತಾಡಿದರೆ ಅಲ್ಲಿ ಇಲ್ಲ, ಅಲ್ಲಿ ಮಾತಾಡಿದರೆ ಇಲ್ಲಿ ಇಲ್ಲ. ಇಬ್ಬರಿಗೂ ಕೇಳಿಸುವಂತೆ ಮಾಡುವ ಒಂದು ಗುರುತು ಧ್ವನಿ ಸೆಟ್ಟಿಂಗಿನ ಒಳಗೆ ಇದೆಯೆಂದು ತಂಗಿಗೆ ಗೊತ್ತು. ದನಿಯನ್ನು ತನ್ನ ಕಡೆ ಇಟ್ಟುಕೊಂಡೇ ಅದನ್ನು ಹಾಕಿ ಮುಗಿಸಬಹುದಿತ್ತು. ಆದರೆ ಅಲ್ಲಿಯವರೆಗೆ ಅಣ್ಣ ಆ ಮೌನದಲ್ಲಿ ಕೂತಿರುತ್ತಾನೆಯೇ? ಕೂರುವುದಿಲ್ಲ. ಕುರ್ಚಿ ಆಗಲೇ ಇನ್ನೊಮ್ಮೆ ಉಜ್ಜಿತ್ತು.

ಅವಳು ಪಟ್ಟಿಯನ್ನು ಮತ್ತೆ ತೆರೆದು, ಬಾಣ ಒತ್ತುತ್ತ ಕೊಳವೆಯ ಹೆಸರಿಗೆ ಬಂದು ಒಂದು ಗಳಿಗೆ ತಡೆದಳು. ತನ್ನ ಮನೆಯ ದೀಪವನ್ನು ತಾನೇ ಊದಿದ ಹಾಗೆ ಎಂಟರ್ ಒತ್ತಿದಳು.

"ಬಂದ್ಲು!" ಅಂದ ಅಣ್ಣ. "ನಿಂಗೆ ಕೇಳ್ತಿದೆಯಾ?"

"ಇಲ್ಲ."

"ಸ್ವಲ್ಪಾನೂ?"

"ಸ್ವಲ್ಪಾನೂ ಇಲ್ಲ. ನಿನ್ನ ಕಡೆ ಇದ್ರೆ ನಂಗಿಲ್ಲ, ಅಣ್ಣ."

"ಹೆದರಿಕೆ ಆಗ್ತಿದೆಯಾ?" ಎಂದು ಕೇಳಿದ, ಬಹಳ ಮೆಲ್ಲಗೆ.

ಇಲ್ಲ ಅನ್ನಬಹುದಿತ್ತು. ತರಗತಿಯಲ್ಲಿ ಯಾರೇ ಕೇಳಿದ್ದರೂ ಇಲ್ಲ ಅನ್ನುತ್ತಿದ್ದಳು. "ಆಗ್ತಿದೆ ಅಣ್ಣ. ತುಂಬಾ."

"ನಂಗೂ," ಅಂದ.

ಹೆಂಡತಿ ಕೂತಿದ್ದಾಳೆ, ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಗೊತ್ತಿದ್ದೂ ಅಂದ. ಅಷ್ಟು ತಿಂಗಳಲ್ಲಿ ಅವನ ಬಾಯಿಂದ ಆ ಮಾತು ಬಂದಿರಲಿಲ್ಲ. ಕೋಪ ಬಂದಿತ್ತು, ಬೈಗುಳ ಬಂದಿತ್ತು, ಆ ಮಾತು ಬಂದಿರಲಿಲ್ಲ.

"ಇಬ್ರಿಗೂ ಕೇಳೋ ಹಾಗೆ ಮಾಡೋಕೆ ಏನೂ ದಾರಿ ಇಲ್ವಾ?" ಅವನೇ ಕೇಳಿದ.

"ಇದೆ. 'ಈ ಸಾಧನವನ್ನು ಆಲಿಸಿ' ಅಂತ ಒಂದು ಕಡೆ ಬರತ್ತೆ, ಅಲ್ಲಿ ಗುರುತು ಹಾಕ್ಬೇಕು. ಆದ್ರೆ ಹಾದೀಲಿ ಹತ್ತಾರು ಬಾಗಿಲು. ಎಲ್ಲಿದ್ದೀನಿ ಅಂತ ನಂಗೆ ಗೊತ್ತಾಗಲ್ಲ."

"ನಂಗೆ ಕೇಳತ್ತಲ್ಲ. ಒತ್ತು, ಹೇಳ್ತೀನಿ."

ಅವಳು ಒತ್ತಿದಳು, ಅವನು ಹೇಳಿದ. ಮೊದಮೊದಲು ಬಾಯಿಬಡುಕಿ ಅಂದದ್ದನ್ನು ಅಕ್ಷರಕ್ಕಕ್ಷರ ಒಪ್ಪಿಸುತ್ತಿದ್ದ. ನಾಲ್ಕು ಬಾಗಿಲು ದಾಟುವುದರೊಳಗೆ ಗ್ಯಾರೇಜಿನ ಅಧಿಕಾರ ಮರಳಿತು: "ಇದಲ್ಲ, ಮುಂದೆ. ಇದೂ ಅಲ್ಲ. ಹಾಂ, 'ರೆಕಾರ್ಡಿಂಗ್' ಬಂತು, ಇದರೊಳಗೆ ಹೋಗು. ನಿಧಾನ, ಅವಳು ಮಾತು ಮುಗಿಸ್ಲಿ." ತಪ್ಪಿ ಮೀಟಿಂಗ್ ಮುಚ್ಚಿಹೋದರೆ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಟ್ಯಾಬ್. ಟ್ಯಾಬ್. ಅವಸರಕ್ಕೆ ಇನ್ನೊಂದು ಟ್ಯಾಬ್.

"ಏ ನಿಲ್ಲು, ದಾಟಿ ಹೋದೆ!" ಅಣ್ಣ ಗದರಿದ. "ಎಲ್ಲಿ ನೋಡ್ಕೊಂಡು ಹೋಗ್ತಿದ್ದೀಯೇ?"

ಹೇಳಿದ ಮೇಲೆ ಅವನಿಗೇ ಕೇಳಿಸಿತು. ತಂಗಿ ತುಟಿ ಕಚ್ಚಿಕೊಂಡಳು, ಆದರೂ ಮೂಗಿನಿಂದ ನಗು ಜಾರಿತು. ಆಗ ಫೋನಿನ ಆಚೆ ಏನೋ ಒಡೆದಂತಾಯಿತು. ಅಳುತ್ತಿದ್ದಾನೆಂದುಕೊಂಡಳು ಮೊದಲು. ಅಲ್ಲ, ಅಣ್ಣ ನಗುತ್ತಿದ್ದ. ಉಸಿರು ಸಿಗದೆ, ಮೇಜು ಬಡಿದುಕೊಂಡು ನಗುತ್ತಿದ್ದ. ಅವನ ನಗುವಿನ ಹಿಂದೆ ಅತ್ತಿಗೆ ಸದ್ದಡಗಿಸಿಕೊಂಡು ಬಿಕ್ಕುತ್ತಿದ್ದಳು. ಅವಳದು ಮಾತ್ರ ಅಳುವೇ.

"ಸಾಕು, ಸಾಕು," ಎಂದ ಅವನು ಮೂಗೆಳೆದುಕೊಂಡು. "ನೀನು ಕೀಲಿ ಮೇಲಿಂದ ಕೈ ತೆಗೀಬೇಡ. ಒಂದು ಹೆಜ್ಜೆ ಹಿಂದೆ ಬಾ. ನಾನಿಲ್ಲೇ ಇದ್ದೀನಿ."