ನೇರಳೆ ಮುಚ್ಚಳದ ಟ್ಯೂಬು

ಅಮ್ಮನನ್ನು ಬಲಿ ತೆಗೆದುಕೊಂಡ ಸ್ತನ ಕ್ಯಾನ್ಸರ್ ವಂಶವಾಹಿಯಲ್ಲಿ ಹರಿದುಬರುವಂಥದ್ದು. ಅದರ ಗುರುತನ್ನು ರಕ್ತದಲ್ಲಿ ಹುಡುಕುವುದೇ ನನ್ನ ಕೆಲಸ. ಆದರೂ ಅಕ್ಕನ ರಕ್ತ ತೆಗೆಯಲು ಎರಡು ವರ್ಷ ಹಿಡಿಯಿತು. ಸೂಜಿ ಕಂಡರೆ ಅವಳು ಮಾರು ದೂರ.

ಕೊನೆಗೊಂದು ಭಾನುವಾರ ಅವಳ ಅಡುಗೆಮನೆಯಲ್ಲೇ ಹಿಡಿದು ಕೂರಿಸಿದೆ.

"ನಿನ್ನ ಕೈಗೆ ಸೂಜಿ ಕೊಟ್ಟ ಪುಣ್ಯಾತ್ಮ ಯಾರೇ?" ಎಂದಳು.

"ಸುಮ್ನೆ ಆ ಕಡೆ ನೋಡಕ್ಕಾ. ಮುಗೀತು."

ನಮ್ಮ ಲ್ಯಾಬಿನ ವಿಧಾನ ಹೀಗೆ: ಯುರೋಪಿಯಂ ಎಂಬ ಲೋಹವಿರುವ ದ್ರಾವಣ ಆ ಗುರುತಿಗೆ ಅಂಟಿಕೊಳ್ಳುತ್ತದೆ. ಬೆಳಕು ಚಿಮ್ಮಿಸಿದರೆ ಕೆಂಪಗೆ ಹೊಳೆಯುತ್ತದೆ. ರಕ್ತವೂ ಹೊಳೆಯುತ್ತದೆ, ಆದರೆ ಅದರದ್ದು ಬರೀ ಆರಂಭಶೂರತನ, ಕಣ್ಣು ಮಿಟುಕಿಸುವ ಮೊದಲೇ ಆರುತ್ತದೆ. ಯುರೋಪಿಯಂ ನಿಧಾನಸ್ಥ. ರಕ್ತದ ಗದ್ದಲ ಅಡಗುವವರೆಗೆ ಯಂತ್ರ ಕಾದು, ಆಮೇಲೆ ನೋಡುತ್ತದೆ.

ಅಕ್ಕನದು ಹೊಳೆಯಲಿಲ್ಲ. ಹೋಲಿಸಿ ನೋಡಲು ಪಕ್ಕದಲ್ಲಿಟ್ಟಿದ್ದ, ಗುರುತು ಇದೆಯೆಂದು ಗೊತ್ತಿದ್ದ ಮಾದರಿ ಚೆನ್ನಾಗಿ ಹೊಳೆದಿದ್ದರಿಂದ ನನಗೆ ಅನುಮಾನವೂ ಬರಲಿಲ್ಲ. "ಏನೂ ಇಲ್ಲ ಅಕ್ಕಾ!" ಎಂದು ಫೋನಿನಲ್ಲಿ ಕೂಗಿದೆ.

ಆ ಮಾತು ನಂಬಿ ಅವಳು ಆಮೇಲೆ ಎದೆಯಲ್ಲಿ ಕಾಣಿಸಿಕೊಂಡ ಗಂಟನ್ನು ಎಂಟು ತಿಂಗಳು ಯಾವ ಡಾಕ್ಟರಿಗೂ ತೋರಿಸಲಿಲ್ಲ. ಕೇಳಿದವರಿಗೆಲ್ಲ "ನನ್ನ ತಂಗೀನೇ ನೋಡಿದ್ದಾಳೆ" ಎನ್ನುತ್ತಿದ್ದಳಂತೆ. ಆಸ್ಪತ್ರೆ ಸೇರುವ ಹೊತ್ತಿಗೆ ಅದು ಮೂಳೆಗೆ ಇಳಿದಿತ್ತು. ಅಲ್ಲಿಯ ವರದಿಯಲ್ಲಿ ಅಮ್ಮನ ಗುರುತು ಸ್ಪಷ್ಟವಾಗಿತ್ತು.

ಲ್ಯಾಬಿಗೆ ಓಡಿ, ಫ್ರೀಜರಿನಿಂದ ಅವಳ ಹಳೆಯ ಟ್ಯೂಬು ಹುಡುಕಿ ತೆಗೆದೆ. ಮುಚ್ಚಳ ನೇರಳೆ. ನಮಗೆ ಬೇಕಾದದ್ದು ಹಸಿರು. ನೇರಳೆಯದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಉಪ್ಪು ಲೋಹವನ್ನೇ ಕಿತ್ತುಕೊಂಡುಬಿಡುತ್ತದೆ, ಇನ್ನು ಹೊಳೆಯುವುದೇನು? ಹೊಸಬರಿಗೆ ಮೊದಲ ದಿನ ನಾನು ಹೇಳಿಕೊಡುವ ಪಾಠವೇ ಇದು. ಹೊರಗಿನವರು ತಂದಿದ್ದರೆ ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದೆ. ಮನೆಯವರೆಂಬ ಸಲಿಗೆಯಲ್ಲಿ, ಬ್ಯಾಗಿನಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ವಾರ್ಡಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಮೂರನೆಯ ದಿನ ತನ್ನ ಮಗಳನ್ನು ಕರೆಸಿ, ಅವಳ ತೋಳನ್ನು ನನ್ನ ಮುಂದೆ ಹಿಡಿದಳು.

"ಇವಳದ್ದು ನೀನೇ ತೆಗಿ."

"ನನ್ನ ಕೈಲಾಗಲ್ಲ ಅಕ್ಕಾ. ಬೇರೆ ಯಾರಾದ್ರೂ..."

"ಬೇರೆಯವರು ಮರೀಬಹುದು. ನೀನಿನ್ನು ಮರೆಯಲ್ಲ."

ತೆಗೆದೆ. ಮೂರು ಸಲ ಪರೀಕ್ಷಿಸಿದೆ. ಇದೊಂದು ಹೊಳೆಯದಿರಲಿ ಎಂದು ಕತ್ತಲೆ ಕೋಣೆಯಲ್ಲಿ ಯಂತ್ರದ ಮುಂದೆ ಬೇಡಿಕೊಂಡೆ. ಮೂರು ಸಲವೂ ಹೊಳೆಯಿತು.

ನನ್ನ ಮುಖ ನೋಡಿಯೇ ಅಕ್ಕನಿಗೆ ತಿಳಿಯಿತು. ಬಹಳ ಹೊತ್ತು ಅತ್ತಳು. ಆಮೇಲೆ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, "ನನ್ನ ಎಂಟು ತಿಂಗಳು ನೀನು ಕಳೆದೆ ಕಣೇ. ಇವಳದ್ದು ಒಂದು ದಿನಾನೂ ಕಳೀಬೇಡ" ಎಂದಳು.

ತಜ್ಞರ ಬಳಿ ಸಮಯ ಸಿಕ್ಕಿದ್ದು ಹನ್ನೊಂದು ದಿನದ ನಂತರ. ಅವರ ಕೋಣೆಯ ಹೊರಗೆ ನಾನೂ ಅಕ್ಕನ ಮಗಳೂ ಕೂತಿದ್ದಾಗ ವಾರ್ಡಿನಿಂದ ನನಗೆ ಫೋನು ಬಂತು. ಅಕ್ಕ ತೀರಿಹೋಗಿದ್ದಳು.

"ಯಾರು ಚಿಕ್ಕಮ್ಮಾ?" ಎಂದಳು ಹುಡುಗಿ.

ಅಷ್ಟರಲ್ಲಿ ನರ್ಸು ಅವಳ ಹೆಸರು ಕರೆದರು. "ಲ್ಯಾಬಿನವರು" ಎಂದೆ, ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ.