ಜುಟ್ಟಿನ ಎತ್ತರ

ನಾನು ಒಂದು ಹಲಗೆ. ಬಾಗಿಲದ್ದೋ ಕಪಾಟಿನದ್ದೋ ಎಂದುಕೊಳ್ಳಬೇಡಿ, ಮಕ್ಕಳ ಎತ್ತರ ಅಳೆಯುವ ಹಲಗೆ. ಬುಡದಲ್ಲಿ ಮಗು ನಿಲ್ಲಲು ಒಂದು ಮಣೆ, ಬೆನ್ನುದ್ದಕ್ಕೂ ಸೆಂಟಿಮೀಟರಿನ ಗೆರೆಗಳು, ಮೇಲಿನಿಂದ ಕೆಳಕ್ಕೆ ಜಾರುವ ಒಂದು ಅಡ್ಡಪಟ್ಟಿ. ಮಗು ಬರಿಗಾಲಲ್ಲಿ ಬೆನ್ನು ತಾಗಿಸಿ ನಿಂತರೆ ಅಡ್ಡಪಟ್ಟಿ ಇಳಿದು ತಲೆ ಮುಟ್ಟುತ್ತದೆ. ಅಲ್ಲಿರುವ ಗೆರೆಯೇ ಅದರ ಎತ್ತರ. ಇಷ್ಟೇ ನನ್ನ ಕಸುಬು. ಈ ಇಷ್ಟೇ ಕಸುಬನ್ನು ನಂಬಿಕೊಂಡು ಔಷಧದವರು, ಕಂಪ್ಯೂಟರಿನವರು, ಹಳ್ಳಿಗಳ ಅಭಿವೃದ್ಧಿ ಓದುವವರು ಎಲ್ಲರೂ ಸಂಶೋಧನೆ ಮಾಡಿ ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಂಡಿದ್ದಾರೆ. ನಾನು ತುಸು ಜಂಬ ಕೊಚ್ಚಿಕೊಂಡರೆ ಸಹಿಸಿಕೊಳ್ಳಿ.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಮೌನೇಶಪ್ಪ ಬಡಿಗೇರರ ಮರಗೆಲಸದ ಅಡ್ಡೆಯಲ್ಲಿ. ಕೆಡವಿದ ಹಳೆಯ ಸಿನಿಮಾ ಥೇಟರಿನ ಬಾಗಿಲಿನ ಸಾಗವಾನಿ ನನ್ನ ಮೈ. ಮೆಡಿಕಲ್ ಕಾಲೇಜಿನ ಮಕ್ಕಳ ವಿಭಾಗದ ಡಾಕ್ಟರ್ ಇಂದುಮತಿ ಹೇರೂರು ಒಂದು ಚಿತ್ರ ಬರೆದು ತಂದು ಅವರ ಮುಂದೆ ಹಿಡಿದರು. ಬಡಿಗೇರರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಮೂಗು ಮುರಿದರು.

"ಇದಕ್ಕ ಇಷ್ಟೆಲ್ಲಾ ಯಾಕ್ರಿ ಡಾಕ್ಟರ? ಗ್ವಾಡಿ ಮ್ಯಾಲೆ ಗೆರಿ ಹೊಡದ್ರ ಆತಲ್ಲ."

"ಗ್ವಾಡಿ ಹೊತಗೊಂಡು ವಾರ್ಡಿಂದ ವಾರ್ಡಿಗೆ ತಿರಗ್ಲಿಕ್ಕೆ ಆಗೂದಿಲ್ಲಲ್ರಿ ಬಡಿಗೇರ," ಎಂದರು ಡಾಕ್ಟರು.

ಬಡಿಗೇರರು ನಕ್ಕು ಉಳಿ ಎತ್ತಿಕೊಂಡರು. ಗೆರೆ ಕೊರೆಯುವ ದಿನ ಮಾತ್ರ ಅವರು ಯಾರೊಂದಿಗೂ ಮಾತಾಡಲಿಲ್ಲ, ಚಹಾ ಬಂದರೂ ಮುಟ್ಟಲಿಲ್ಲ. ಅವರು ಕೊರೆದ ಗೆರೆ ಇವತ್ತಿಗೂ ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಬಡಿಗೇರರಿಗೆ ಹೇಳಿಕೊಳ್ಳುವ ಚಟವಿರಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಮೊದಲ ಕೆಲಸ ಒಂದು ಸಿರಪ್ಪಿನದು. ಅದನ್ನು ಕುಡಿದ ಮಕ್ಕಳು ಬೇಗ ಬೆಳೆಯುತ್ತಾರೆಯೇ ಎಂಬುದು ಇಂದುಮತಿ ಡಾಕ್ಟರ ಪ್ರಶ್ನೆ. ಮಕ್ಕಳಿಗೋ ಆಸ್ಪತ್ರೆಯಲ್ಲಿ ಕಂಡದ್ದೆಲ್ಲ ಸೂಜಿ. ನನ್ನನ್ನು ಕಂಡೊಡನೆ ಬಾಯಿ ಅಗಲಿಸಿ ಅಳುತ್ತಿದ್ದವು. ಡಾಕ್ಟರು ಒಂದೊಂದನ್ನೂ ರಮಿಸಿ, ಹಿಮ್ಮಡಿ ಸರಿಪಡಿಸಿ, ಗಲ್ಲ ಹಿಡಿದು ಮುಖ ನೆಟ್ಟಗೆ ಮಾಡಿ ಅಳೆಯುತ್ತಿದ್ದರು. ಇಷ್ಟು ಕಷ್ಟಪಟ್ಟ ಮೇಲೆ ತಿಳಿದದ್ದೇನು? ಸಿರಪ್ಪಿನಿಂದ ಏನೂ ಆಗುವುದಿಲ್ಲ ಎಂದು. ನನಗೆ ಪಿಚ್ಚೆನಿಸಿತು. ಡಾಕ್ಟರು ಮಾತ್ರ ಅದನ್ನೇ ಬರೆದು ಪ್ರಕಟಿಸಿ, ವಿದ್ಯಾರ್ಥಿಗಳನ್ನೆಲ್ಲ ಗಿರಮಿಟ್ಟು ತಿನ್ನಲು ಕರೆದುಕೊಂಡು ಹೋದರು. ಏನೂ ಇಲ್ಲ ಎಂದು ತಿಳಿದರೂ ಖುಷಿಪಡುವ ಜನ ಲೋಕದಲ್ಲಿದ್ದಾರೆ ಎಂದು ಆಗ ಗೊತ್ತಾಯಿತು.

ಮುಂದೆ ಆಸ್ಪತ್ರೆಗೆ ಹೊಳೆಯುವ ಉಕ್ಕಿನ ಅಳತೆಗಂಬಗಳು ಬಂದವು. ನನ್ನನ್ನು ಮುರಿದ ಕುರ್ಚಿಗಳ ಕೋಣೆಗೆ ಹಾಕಿದರು. ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವಳು ಫರ್ಜಾನಾ ನದಾಫ್. ಧಾರವಾಡದಲ್ಲಿ ಗ್ರಾಮೀಣ ಅಭಿವೃದ್ಧಿಯ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಅವಳಿಗೆ ಬಸ್ಸಿನಲ್ಲಿ ಒಯ್ಯಬಹುದಾದ ಹಲಗೆ ಬೇಕಿತ್ತು. ಅವಳ ಅಪ್ಪನದು ಗಾದಿ ಅಂಗಡಿ. ಅಲ್ಲಿನ ದಪ್ಪ ಬಟ್ಟೆಯಲ್ಲಿ ನನಗೊಂದು ಚೀಲ ಹೊಲಿಸಿದಳು, ಒಳಗೆ ಅರಳೆ ತುಂಬಿಸಿದಳು. ನನ್ನ ಜಾತಿಯವರಲ್ಲಿ ಗಾದಿಯ ಮೇಲೆ ಮಲಗಿ ಊರು ಸುತ್ತಿದ್ದು ನಾನೊಬ್ಬನೇ ಇರಬೇಕು.

ಫರ್ಜಾನಾಳ ಪ್ರಶ್ನೆ ಇದು. ಅಂಗನವಾಡಿಯಲ್ಲಿ ಪ್ರತಿ ಬೆಳಿಗ್ಗೆ ಸಜ್ಜೆ, ಶೇಂಗಾ, ಬೆಲ್ಲದ ಒಂದು ಉಂಡೆ ಕೊಟ್ಟರೆ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆಯೇ? ಕೆಲವು ಊರುಗಳಲ್ಲಿ ಉಂಡೆ ಕೊಡುವುದು, ಕೆಲವು ಊರುಗಳಲ್ಲಿ ಸದ್ಯಕ್ಕೆ ಇಲ್ಲ. ಮೊದಲೊಮ್ಮೆ, ವರ್ಷ ಕಳೆದ ಮೇಲೊಮ್ಮೆ ಎರಡೂ ಕಡೆ ಅಳೆದು ಹೋಲಿಸುವುದು. ಬೆಳೆದರೆ ಇಡೀ ತಾಲೂಕಿಗೆ ಉಂಡೆ ಕೊಡುತ್ತೇವೆ ಎಂದು ಜಿಲ್ಲೆಯ ಅಧಿಕಾರಿಗಳು ಮಾತು ಕೊಟ್ಟಿದ್ದರು. ಹೀಗಾಗಿ ಅವಳ ಪ್ರಬಂಧವೂ ಸಾವಿರಾರು ಮಕ್ಕಳ ಬೆಳಗಿನ ತಿನಿಸೂ ನನ್ನ ಅಡ್ಡಪಟ್ಟಿಗೆ ಜೋತುಬಿದ್ದಿದ್ದವು.

ವರ್ಷ ಕಳೆದು ಎರಡನೇ ಅಳತೆಗೆ ಹೋದಾಗ ಉಂಡೆಯ ಊರುಗಳಲ್ಲಿ ನಮ್ಮನ್ನು ಕಂಡ ರೀತಿಯೇ ಬೇರೆ. ಅಂಗನವಾಡಿಯ ಮುಂದೆ ರಂಗೋಲಿ. ತಾಯಂದಿರು ಅದಕ್ಕೆ 'ಅಳತಿ ಹಬ್ಬ' ಎಂದು ಹೆಸರನ್ನೂ ಇಟ್ಟುಬಿಟ್ಟಿದ್ದರು. ಮಕ್ಕಳಿಗೆ ಎರೆದು, ಎಣ್ಣೆ ಹಚ್ಚಿ, ನೆತ್ತಿಯ ಮೇಲೆ ಬಿಗಿಯಾಗಿ ಜುಟ್ಟು ಕಟ್ಟಿ, ಅದರ ಸುತ್ತ ಅಬ್ಬಲಿಗೆ ಹೂವು ಸುತ್ತಿ ಕರೆತಂದಿದ್ದರು. ಹುಡುಗಿಯರಿಗಷ್ಟೇ ಅಲ್ಲ. ಆ ಸೀಮೆಯಲ್ಲಿ ಮನೆದೇವರ ಮುಂದೆ ಜವಳ ತೆಗೆಸುವವರೆಗೆ ಗಂಡುಮಕ್ಕಳ ತಲೆಗೂ ಕತ್ತರಿ ತಾಗಿಸುವುದಿಲ್ಲ. ಖರ್ಚಿನ ಕಾರ್ಯ, ಹಾಗಾಗಿ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತದೆ. ನಾಲ್ಕೈದು ವರ್ಷದ ಗಂಡುಹುಡುಗರ ನೆತ್ತಿಯ ಮೇಲೂ ನಿಂಬೆಹಣ್ಣಿನಷ್ಟು ದಪ್ಪ ಗಂಟು.

ಉಂಡೆಯಿಲ್ಲದ ಊರುಗಳಲ್ಲಿ ಹಬ್ಬವೂ ಇಲ್ಲ, ಹೂವೂ ಇಲ್ಲ. ಮೊದಲ ಅಳತೆಯ ದಿನದಂತೆಯೇ ಕೆದರಿದ ತಲೆಯಲ್ಲಿ ಮಕ್ಕಳು ಬಂದು ನಿಂತವು.

ಅಳೆಯಲು ಗೊತ್ತುಮಾಡಿದ್ದ ಹುಡುಗಿಯರಿಗೆ ಹಬ್ಬದ ಹೂವು ಹೊಸಕಲು ಮನಸ್ಸು ಬರಲಿಲ್ಲ. ಅಡ್ಡಪಟ್ಟಿಯನ್ನು ಜುಟ್ಟಿನ ಮೇಲೆ ಮೆತ್ತಗೆ ಇಳಿಸಿ ಗೆರೆ ಓದಿ ಕೂಗಿದರು. ಫರ್ಜಾನಾ ಆಚೆ ಮೇಜಿನ ಬಳಿ ಕುಳಿತು, ಕೂಗಿದ್ದನ್ನು ಬರೆದುಕೊಂಡಳು. ನನಗೆ ತಗಲಿದ್ದು ಹೂವು. ಹೂವಿನ ಎತ್ತರವನ್ನು ನಾನು ಸರಿಯಾಗಿಯೇ ಹೇಳಿದೆ.

ಫಲಿತಾಂಶ ನೋಡಿ ವಿಭಾಗವೇ ಕುಣಿದಾಡಿತು. ಉಂಡೆ ತಿಂದ ಮಕ್ಕಳು, ದೊಡ್ಡವರು ಚಿಕ್ಕವರು ಎನ್ನದೆ, ಮಿಕ್ಕವರಿಗಿಂತ ಎರಡೆರಡು ಸೆಂಟಿಮೀಟರ್ ಹೆಚ್ಚು ಬೆಳೆದಿದ್ದರು. ಫರ್ಜಾನಾ ಅಪ್ಪನಿಗೆ ಫೋನು ಮಾಡಿ ಅತ್ತಳು. ಅಧಿಕಾರಿಗಳ ಸಭೆಗೆ ದಿನ ಗೊತ್ತಾಯಿತು.

ಆಗ ಬಂದವನು ಕಂಪ್ಯೂಟರ್ ವಿಭಾಗದ ಸುಹಾಸ ಕಟ್ಟೀಮನಿ. ಮಗುವಿನ ಫೋಟೋ ತೆಗೆದರೆ ಸಾಕು, ಫೋನೇ ಎತ್ತರ ಹೇಳುವಂತೆ ಅದಕ್ಕೆ ಕಲಿಸುವುದು ಅವನ ಸಂಶೋಧನೆ. ಫೋನು ಹೇಳಿದ್ದು ಸರಿಯೋ ತಪ್ಪೋ ಎಂದು ನೋಡಲು ನನ್ನ ಅಳತೆಗಳು ಬೇಕಿದ್ದವು. ಅಳತೆಯ ದಿನ ದಾಖಲೆಗೆಂದು ತೆಗೆದಿದ್ದ ಫೋಟೋಗಳನ್ನು ಅವನು ಒಯ್ದ. ಒಂದು ವಾರದ ಮೇಲೆ ಮುಖ ಗಂಟಿಕ್ಕಿಕೊಂಡು ಬಂದ.

"ಮೇಡಂ, ಉಳಿದ ಊರಾಗ ನಿಮ್ಮ ಹಲಗಿ, ನಮ್ಮ ಫೋನು ಒಂದ ಹೇಳ್ತಾವ್ರಿ. ಉಂಡಿ ಊರಾಗ ಮಾತ್ರ ಹಲಗಿ ಹೆಚ್ಚಿಗಿ ಹೇಳ್ತದ. ಹಲಗಿ ಹಳೇದಾತೇನೋ."

ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನೆ ಮೊನ್ನೆ ಕಣ್ಣು ಬಿಟ್ಟ ಫೋನು ನನಗೆ ಬುದ್ಧಿ ಹೇಳುವುದೇ!

"ನಿಮ್ಮ ಫೋನ ಇನ್ನೂ ಕಲಿಯಾಕತ್ತೇತ್ರಿ," ಎಂದಳು ಫರ್ಜಾನಾ. ಆದರೂ ಉಕ್ಕಿನ ಟೇಪು ತಂದು ನನ್ನ ಗೆರೆಗಳ ಪಕ್ಕ ಹಿಡಿದಳು. ನಾನು ಸರಿಯಾಗಿದ್ದೆ. ಸುಹಾಸ ಒಂದು ಗೊಂಬೆ ನಿಲ್ಲಿಸಿ ಫೋನನ್ನು ಪರೀಕ್ಷಿಸಿದ. ಅದೂ ಸರಿಯಾಗಿತ್ತು. ಹಲಗೆ, ಫೋನು ಎರಡೂ ಸರಿಯಿದ್ದ ಮೇಲೆ ಜಗಳ ಎಲ್ಲಿಂದ ಬಂತು ಎಂದು ತಿಳಿಯದೆ ಅವರಿಬ್ಬರೂ ನನ್ನನ್ನು ಹೊತ್ತುಕೊಂಡು ಹೊಸಬಾವಿ ಎಂಬ ಉಂಡೆಯ ಊರಿಗೆ ಹೋದರು. ಬರುತ್ತೇವೆ ಎಂದು ಮೊದಲೇ ಹೇಳಿಕಳಿಸಿದ್ದರಿಂದ ಮತ್ತೆ ರಂಗೋಲಿ, ಮತ್ತೆ ಅಬ್ಬಲಿಗೆ.

ಹುಲಿಗೆವ್ವ ಎಂಬ ತಾಯಿ ತನ್ನ ಮಗಳು ಭೂಮಿಕಾಳನ್ನು ತಂದು ನಿಲ್ಲಿಸಿದಳು. ಈ ಸಲ ಅಡ್ಡಪಟ್ಟಿ ಇಳಿಸಿದವಳು ಫರ್ಜಾನಾ ತಾನೇ. ಗೆರೆ ಓದಿದಳು. ಸುಹಾಸ ಫೋನು ನೋಡಿ, ಎರಡು ಸೆಂಟಿಮೀಟರ್ ಕಡಿಮೆ ಹೇಳಿದ. ಫರ್ಜಾನಾ ಮೊಣಕಾಲೂರಿ ಮಗುವಿನ ಮುಖಕ್ಕೆ ಮುಖ ಕೊಟ್ಟು ನೋಡಿದಳು. ಪಟ್ಟಿಗೂ ನೆತ್ತಿಗೂ ನಡುವೆ ಹೂವು ಸುತ್ತಿದ ಜುಟ್ಟು. ಫೋನಿಗೆ ಹೂವಿನ ಹಂಗಿರಲಿಲ್ಲ; ಕಣ್ಣು, ಹಣೆ, ಗಲ್ಲ ನೋಡಿ ನೆತ್ತಿ ಎಲ್ಲಿದೆಯೆಂದು ಲೆಕ್ಕ ಹಾಕುತ್ತಿತ್ತು. ಫರ್ಜಾನಾ ಬೆರಳಿನಿಂದ ಆ ಜುಟ್ಟನ್ನು ಒತ್ತಿ ನೋಡಿದಳು.

"ಹುಲಿಗೆವ್ವಾ, ಒಂದಿಷ್ಟು ಕೂದ್ಲಾ ಬಿಚ್ಚತೀರೇನು?"

"ಅಯ್ಯ ಅಕ್ಕಾರ, ಹಬ್ಬದ ದಿನಾ ಹೆಣ್ಣಮಗಳ ತಲಿ ಬಿಚ್ಚತಾರೇನ್ರಿ? ಯಾರರೆ ನೋಡಿದ್ರ ಏನಂದಾರು!"

"ಬಿಚ್ಚಿದ್ದು ನಾನ ಕಟ್ಟಿಕೊಡ್ತೇನಿ ತಗೋರಿ."

ಹುಲಿಗೆವ್ವ ಬಿಚ್ಚಿದಳು. ಪಟ್ಟಿ ನೆತ್ತಿಗೆ ತಾಗಿತು. ಫೋನು ಹೇಳಿದ ಗೆರೆಯಲ್ಲೇ ನಿಂತಿತು. ಫರ್ಜಾನಾ ಜುಟ್ಟು ಕಟ್ಟಲು ಹೋಗಿ ಒಂದು ಕಡೆಗೆ ವಾಲಿಸಿಬಿಟ್ಟಳು. ತಾಯಂದಿರೆಲ್ಲ ನಕ್ಕರು. ಅವಳೊಬ್ಬಳಿಗೆ ನಗು ಬರಲಿಲ್ಲ.

ಹಿಂತಿರುಗುವಾಗ ಬಸ್ಸಿನಲ್ಲಿ ಸುಹಾಸ ಮೆಲ್ಲಗೆ ಹೇಳಿದ, "ಸಭೆ ಮುಗೀಲಿ ಬಿಡ್ರಿ ಮೇಡಂ. ಉಂಡಿ ಮಂಜೂರಾದ್ರ ಮಕ್ಕಳಿಗೇ ಒಳ್ಳೇದಲ್ಲ? ಆಮ್ಯಾಲೆ ತಿದ್ದಿದ್ರಾತು."

"ತಿಂದಿದ್ದು ಉಂಡಿ, ಬೆಳದಿದ್ದು ಜುಟ್ಟು ಅಂತ ನಾಳೆ ಯಾರರೆ ಅಂದ್ರ ಒಂದ ಊರಿಗೂ ಉಂಡಿ ಸಿಗೂದಿಲ್ಲ ಸರ್. ಮತ್ತ ಅಳೀತೇನಿ. ಎಲ್ಲಾ ಊರಾಗೂ."

ಸಭೆಯನ್ನು ಮುಂದಕ್ಕೆ ಹಾಕಿಸಿಕೊಂಡು, ಬಾಚಣಿಗೆ, ಎಣ್ಣೆ, ಒಂದು ಬುಟ್ಟಿ ಹೂವು ಹಿಡಿದು ಮತ್ತೆ ಹೊರಟಳು. ಬಿಚ್ಚುವುದು, ಅಳೆಯುವುದು, ಕಟ್ಟುವುದು. ಅವಳು ಕಟ್ಟುವ ಜುಟ್ಟಿನ ಚಂದ ನೋಡಲಾರದೆ ತಾಯಂದಿರೇ ಬಾಚಣಿಗೆ ಕಸಿದುಕೊಂಡು ಸಾಲಾಗಿ ಕುಳಿತರು. ಜವಳದ ಕೂದಲಿನ ಹುಡುಗರ ಗಂಟು ಸಡಿಲಿಸಿ ಹಿಂದಕ್ಕೆ ಇಳಿಬಿಡುವುದಕ್ಕೆ ಅಜ್ಜಿಯರೂ ಒಪ್ಪಿದರು. ನನ್ನ ಬಾಳಿನಲ್ಲಿ ಅಷ್ಟು ಬರಿಯ ನೆತ್ತಿಗಳನ್ನು ಒಟ್ಟಿಗೆ ಮುಟ್ಟಿದ್ದು ಅದೇ ಮೊದಲು.

ಹೊಸ ಲೆಕ್ಕ ಬಂದಾಗ ಫರ್ಜಾನಾ ಅದನ್ನು ಮಕ್ಕಳ ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಳು. ಮೂರು ವರ್ಷ ದಾಟಿದ ಮಕ್ಕಳಲ್ಲಿ ಉಂಡೆಯಿಂದ ಎತ್ತರವೇನೂ ಹೆಚ್ಚಿರಲಿಲ್ಲ. ಅವರದೆಲ್ಲ ಜುಟ್ಟು. ಅದಕ್ಕಿಂತ ಚಿಕ್ಕವರು ನಿಜವಾಗಿಯೂ ಬೆಳೆದಿದ್ದರು. ಜುಟ್ಟು ಕಟ್ಟುವಷ್ಟು ಕೂದಲೇ ಇಲ್ಲದ ತಲೆಗಳವು. ಹಳೆಯ ಲೆಕ್ಕದಲ್ಲಿ ಎಲ್ಲರೂ ಒಂದೇ ಸಮ ಬೆಳೆದಂತೆ ಕಂಡದ್ದರಿಂದ ಈ ಸಂಗತಿ ಮುಚ್ಚಿಹೋಗಿತ್ತು. ಉಂಡೆ ಬೇಗ ಶುರುವಾಗಬೇಕು, ಮಗು ಅಂಗನವಾಡಿಗೆ ನಡೆದು ಬರುವ ಮೊದಲೇ ಅದರ ಮನೆಗೆ ಹೋಗಬೇಕು ಎಂಬುದು ಈಗ ಸ್ಪಷ್ಟವಾಯಿತು.

ಅವಳು ಅದನ್ನು ಮೊದಲು ಹೇಳಿದ್ದು ಹೊಸಬಾವಿಯ ತಾಯಂದಿರಿಗೆ. ದೊಡ್ಡ ಮಕ್ಕಳ ಉಂಡೆ ನಿಂತರೂ ನಿಲ್ಲಬಹುದು ಎಂದೂ ಮುಚ್ಚಿಡದೆ ಹೇಳಿದಳು. ಹುಲಿಗೆವ್ವ ನನ್ನ ಕಡೆ ಕೈ ತೋರಿಸಿದಳು.

"ಎತ್ತರದ ಮಾತು ಬಿಡ್ರಿ ಅಕ್ಕಾರ. ನಾ ನಸುಕಿನ್ಯಾಗ ಕೂಲಿಗೆ ಹೊಕ್ಕೇನಿ. ಆ ಉಂಡಿ ತಿಂದ್ರ ನನ್ನ ಮಗಳು ಮಧ್ಯಾಹ್ನದ ತನಾ ಅಳೂದಿಲ್ಲ. ಅದನ್ನ ನಿಮ್ಮ ಹಲಗಿ ಹೇಳತೈತೇನು?"

ಫರ್ಜಾನಾ ನನ್ನನ್ನು ನೋಡಿದಳು. ನಾನು ಮೊದಲ ಸಲ ಜಂಬ ಬಿಟ್ಟು ನಿಂತಿದ್ದೆ.

ಸಭೆಗೆ ಅವಳು ನನ್ನನ್ನೂ ಹೊತ್ತು ತಂದಿದ್ದಳು. ಮೊದಲು ಕಳಿಸಿದ ಅಂಕಿ ತಪ್ಪು ಎಂದು ಎದ್ದು ನಿಂತು ಹೇಳಿದಳು. ಯಾಕೆ ತಪ್ಪಾಯಿತೆಂದು ಅಡ್ಡಪಟ್ಟಿ ಜಾರಿಸಿ ತೋರಿಸಿದಳು. ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ಅವಳ ಮಾರ್ಗದರ್ಶಕರು ತಲೆ ತಗ್ಗಿಸಿ ಕುಳಿತಿದ್ದರು. ಮೇಲಧಿಕಾರಿ ಕನ್ನಡಕ ತೆಗೆದಿಟ್ಟು ಕೇಳಿದರು, "ಹಂಗಾದ್ರ ಉಂಡಿ ಕೊಡಬೇಕೋ ಬ್ಯಾಡೋ? ಅಷ್ಟ ಹೇಳ್ರಿ."

"ಸಣ್ಣ ಮಕ್ಕಳಿಗೆ ಇಡೀ ತಾಲೂಕಿನ್ಯಾಗ ಕೊಡ್ರಿ ಸರ್. ಅವರು ಬೆಳೀತಾರ, ನಾ ಸಹಿ ಮಾಡಿಕೊಡ್ತೇನಿ. ದೊಡ್ಡವರಿಗೆ ಎತ್ತರಕ್ಕಂತ ಕೊಡ್ರಿ ಅಂತ ನಾ ಹೇಳಾಂಗಿಲ್ಲ. ಆದ್ರ ಒಬ್ಬಾಕಿ ತಾಯಿ ಒಂದು ಪ್ರಶ್ನೆ ಕೇಳ್ಯಾಳ. ಅದಕ್ಕ ಉತ್ತರ ಸಿಗೂ ತನಾ ಅವರ ಉಂಡಿ ನಿಲ್ಲಸಬ್ಯಾಡ್ರಿ."

ಹುಲಿಗೆವ್ವ ಅಂದದ್ದನ್ನು ಅಂದಂತೆಯೇ ಹೇಳಿದಳು. ಈ ಸಲ ಯಾರೂ ನಗಲಿಲ್ಲ. ತಾಲೂಕಿನ ಚಿಕ್ಕ ಮಕ್ಕಳ ಮನೆಮನೆಗೆ ಉಂಡೆಯ ಹಿಟ್ಟು ಮಂಜೂರಾಯಿತು. ದೊಡ್ಡವರದು ಆ ಕೆಲವೇ ಊರುಗಳಲ್ಲಿ ಇನ್ನೊಂದು ವರ್ಷ ಮುಂದುವರಿಯಿತು, ಅಷ್ಟರೊಳಗೆ ಉತ್ತರ ತರಬೇಕೆಂಬ ಷರತ್ತಿನ ಮೇಲೆ. ಸಿಕ್ಕಿದ್ದು ಬೇಡಿದ್ದಕ್ಕಿಂತ ಕಡಿಮೆಯೇ. ಫರ್ಜಾನಾ ಮಾತ್ರ ತಲೆಯೆತ್ತಿಕೊಂಡೇ ಹೊರಬಂದಳು, ನಾನಂತೂ ಅವಳ ಹೆಗಲ ಮೇಲಿದ್ದೆ.

ಈಗ ನನಗೆ ವಯಸ್ಸಾಗಿದೆ. ಫರ್ಜಾನಾಳ ಕೋಣೆಯ ಮೂಲೆಯಲ್ಲಿ ನಿಂತಿದ್ದೇನೆ. ಅಡ್ಡಪಟ್ಟಿಗೆ ಅವಳು ಕೊಡೆ ನೇತುಹಾಕುತ್ತಾಳೆ, ನಾನು ಬೇಸರಿಸುವುದಿಲ್ಲ. ಊರೂರಿಗೆ ಹೋಗುವುದು ಸುಹಾಸನ ಫೋನು. ಆದರೆ ಹೊಸ ಫೋನು ಬಂದಾಗಲೆಲ್ಲ ಅವನು ಅದನ್ನು ನನ್ನ ಮುಂದೆ ತಂದು ಹಿಡಿದೇ ಹಿಡಿಯುತ್ತಾನೆ. ಎತ್ತರದ ಮಾತು ಬಂದರೆ ಇವತ್ತಿಗೂ ಕೊನೆಯ ಮಾತು ನನ್ನದೇ.

ಹುಲಿಗೆವ್ವ ಕೇಳಿದ್ದಕ್ಕೆ ಮಾತ್ರ ನನ್ನ ಮೈಮೇಲೆ ಗೆರೆಯಿಲ್ಲ. ಕೊಟ್ಟ ವರ್ಷ ಮುಗಿಯುವುದರೊಳಗೆ ಅದನ್ನು ಅಳೆಯುವ ದಾರಿ ಹುಡುಕಬೇಕೆಂದು ಫರ್ಜಾನಾ ಈ ಬೆಳಿಗ್ಗೆಯೂ ಮೊದಲ ಬಸ್ಸಿಗೆ ಹೊಸಬಾವಿಗೆ ಹೋಗಿದ್ದಾಳೆ, ನನ್ನನ್ನು ಇಲ್ಲೇ ಬಿಟ್ಟು.